ಅಕುಟಾನ್ ಝೀರೋ: ಶತ್ರುವಿನ ಕೈಗೆ ಸಿಕ್ಕ ಜಪಾನಿ ಯುದ್ಧವಿಮಾನ – ಪದೇ ಪದೇ ಕೇಳುವ ಪ್ರಶ್ನೆಗಳು

ಎರಡನೇ ಮಹಾಯುದ್ಧದ ವಿಮಾನಗಳ ಬಗ್ಗೆ ಮಾತು ಬಂದಾಗಲೆಲ್ಲ ಈ ಕಥೆ ಒಮ್ಮೆಯಾದರೂ ಬರುತ್ತದೆ. ಬಂದಾಗೆಲ್ಲ ಅರ್ಧ ಸರಿ, ಅರ್ಧ ತಪ್ಪು. ನನ್ನನ್ನು ಜನ ಕೇಳಿದ ಪ್ರಶ್ನೆಗಳನ್ನೆಲ್ಲ ಒಂದೇ ಕಡೆ ಸೇರಿಸಿ, ಗೊತ್ತಿರುವಷ್ಟನ್ನು ಬಿಡಿಸಿ ಬರೆದಿದ್ದೇನೆ.

ಅಕುಟಾನ್ ಝೀರೋ ಅಂದರೆ ಯಾವ ವಿಮಾನ?

ಜಪಾನಿನ ಮಿತ್ಸುಬಿಷಿ ಕಂಪನಿ ಮಾಡಿದ ಎ6ಎಂ2 ಮಾಡೆಲ್ 21 ಝೀರೋ. ಕ್ರಮಸಂಖ್ಯೆ 4593. 1942ರ ಫೆಬ್ರವರಿಯಲ್ಲಿ ನಗೋಯಾದಲ್ಲಿ ತಯಾರಾಯಿತು. ಬಾಲದ ಮೇಲೆ ಬರೆದಿದ್ದ ಗುರುತು ಡಿಐ-108. ಅದೇ ವರ್ಷದ ಜೂನ್‌ನಲ್ಲಿ ಅಲಾಸ್ಕಾದ ಅಕುಟಾನ್ ಎಂಬ ದ್ವೀಪದಲ್ಲಿ ಬಿತ್ತು. ಆ ದ್ವೀಪದ ಹೆಸರೇ ವಿಮಾನಕ್ಕೂ ಅಂಟಿಕೊಂಡಿತು. ಅಮೆರಿಕದವರು ತಮ್ಮ ಕೈಯಾರೆ ಹಾರಿಸಿ ನೋಡಿದ ಮೊದಲ ಝೀರೋ ಇದು.

"ಝೀರೋ" ಅನ್ನೋ ಹೆಸರು ಎಲ್ಲಿಂದ ಬಂತು?

ಜಪಾನಿನ ಹಳೆಯ ಪಂಚಾಂಗದ ಪ್ರಕಾರ 1940 ಅಂದರೆ 2600ನೇ ವರ್ಷ. ನೌಕಾಪಡೆ ಆ ವರ್ಷ ಸೇರಿಸಿಕೊಂಡ ವಿಮಾನಕ್ಕೆ ಕೊನೆಯ ಸೊನ್ನೆಯೇ ಹೆಸರಾಯಿತು. ಅಮೆರಿಕದವರ ಗುಪ್ತ ಹೆಸರು ಬೇರೆ, "ಝೀಕ್". ಆದರೆ ಅವರ ಬಾಯಲ್ಲೂ ಉಳಿದದ್ದು ಝೀರೋ.

ಅದನ್ನು ಕಂಡರೆ ಅಷ್ಟೊಂದು ಭಯ ಯಾಕೆ?

ಹಗುರ ಅಂದರೆ ಅಷ್ಟು ಹಗುರ. ಪೈಲಟ್, ಪೆಟ್ರೋಲು, ಗುಂಡು ಎಲ್ಲ ಸೇರಿ ಸುಮಾರು 2,400 ಕೆ.ಜಿ. ಆಗ ಅಮೆರಿಕದ ನೌಕಾಪಡೆಯ ಕೈಯಲ್ಲಿದ್ದ ವೈಲ್ಡ್‌ಕ್ಯಾಟ್ ಅದಕ್ಕಿಂತ ಒಂದು ಟನ್‌ಗೂ ಜಾಸ್ತಿ ತೂಕ. ಝೀರೋದ ಎಂಜಿನ್ ಸಾವಿರ ಅಶ್ವಶಕ್ತಿಯನ್ನೂ ಮುಟ್ಟುತ್ತಿರಲಿಲ್ಲ. ಆದರೂ ಗಂಟೆಗೆ 530 ಕಿ.ಮೀ. ಓಡುತ್ತಿತ್ತು, ಹೆಚ್ಚುವರಿ ಟ್ಯಾಂಕ್ ಕಟ್ಟಿಕೊಂಡರೆ 3,000 ಕಿ.ಮೀ. ದಾಟುತ್ತಿತ್ತು. ಜೊತೆಗೆ ಎರಡು 20 ಮಿ.ಮೀ. ಫಿರಂಗಿ, ಎರಡು ಮೆಷಿನ್ ಗನ್. ತಿರುವಿನಲ್ಲಿ ಅದರ ಹಿಂದೆ ಬಿದ್ದವರು ಎರಡೇ ಸುತ್ತಿನಲ್ಲಿ ತಾವೇ ಅದರ ಮುಂದೆ ಇರುತ್ತಿದ್ದರು.

ಇದರ ವಿನ್ಯಾಸಕ ಜಿರೋ ಹೊರಿಕೋಷಿ ಒಂದೊಂದು ಗ್ರಾಂ ಲೆಕ್ಕ ಹಾಕಿ ತೂಕ ಇಳಿಸಿದ್ದರು. ಹೊಸ ಬಗೆಯ ಅಲ್ಯೂಮಿನಿಯಂ ಮಿಶ್ರಲೋಹ ಬಳಸಿದರು. ಪೈಲಟ್ ಬೆನ್ನ ಹಿಂದೆ ಉಕ್ಕಿನ ತಗಡು ಇಡಲಿಲ್ಲ. ಗುಂಡು ತಾಗಿದರೆ ತಾನೇ ಮುಚ್ಚಿಕೊಳ್ಳುವ ಪೆಟ್ರೋಲ್ ಟ್ಯಾಂಕೂ ಇಲ್ಲ. ಚುರುಕುತನ ಬಂದದ್ದೇ ಇವನ್ನೆಲ್ಲ ಬಿಟ್ಟಿದ್ದರಿಂದ.

ಇಲ್ಲೊಂದು ವಿಷಯ ನನಗೆ ಯಾವಾಗಲೂ ಬೆರಗು. ಇಷ್ಟು ಆಧುನಿಕ ವಿಮಾನದ ಮೊದಲ ಮಾದರಿಯನ್ನು ನಗೋಯಾದ ಕಾರ್ಖಾನೆಯಿಂದ ಕಗಮಿಗಹರದ ಮೈದಾನಕ್ಕೆ ಸಾಗಿಸಿದ್ದು ಎತ್ತಿನ ಗಾಡಿಯಲ್ಲಿ! ದಾರಿ ಹಾಳಾಗಿತ್ತು. ಲಾರಿಯಲ್ಲಿ ಹಾಕಿದರೆ ಕುಲುಕಾಟಕ್ಕೆ ಎಲ್ಲಿ ಪೆಟ್ಟಾಗುತ್ತದೋ ಎಂಬ ಹೆದರಿಕೆ. ಸುಮಾರು 40–50 ಕಿ.ಮೀ. ದೂರ, ರಾತ್ರಿಯೆಲ್ಲ ಎತ್ತುಗಳ ನಡಿಗೆ.

ಸರಿ, ಅಮೆರಿಕದವರ ಕೈಗೆ ಸಿಕ್ಕಿದ್ದು ಹೇಗೆ?

1942ರ ಜೂನ್ ಮೊದಲ ವಾರ. ಪೆಸಿಫಿಕ್ ಸಾಗರದ ನಡುವೆ ಮಿಡ್‌ವೇ ದ್ವೀಪದ ಮೇಲೆ ಜಪಾನಿನ ದೊಡ್ಡ ಪಡೆ ಹೊರಟಿತ್ತು. ಅದೇ ಹೊತ್ತಿಗೆ ಇನ್ನೊಂದು ಚಿಕ್ಕ ಪಡೆ ಉತ್ತರದಲ್ಲಿ ಅಲ್ಯೂಷಿಯನ್ ದ್ವೀಪಗಳ ಡಚ್ ಹಾರ್ಬರ್ ನೆಲೆಯ ಮೇಲೆ ದಾಳಿಗೆ ಬಂತು. ಅದರಲ್ಲಿ ರ್ಯೂಜೋ, ಜುನ್ಯೋ ಎಂಬ ಎರಡು ವಿಮಾನವಾಹಕ ಹಡಗುಗಳಿದ್ದವು.

ಜೂನ್ 4ರಂದು ರ್ಯೂಜೋದಿಂದ ಹಾರಿದ ಮೂರು ಝೀರೋಗಳ ಒಂದು ತಂಡದಲ್ಲಿ ಮಕೋತೋ ಎಂದೋ, ತ್ಸುಗುವೋ ಶಿಕಾದಾ, ತದಯೋಷಿ ಕೊಗಾ ಇದ್ದರು. ಕೊಗಾಗೆ ಬರೀ 19 ವರ್ಷ. ಆ ದಿನ ಈ ಮೂವರೂ ಸೇರಿ ಅಮೆರಿಕದ ಒಂದು ಕ್ಯಾಟಲಿನಾ ವಿಮಾನವನ್ನು ಹೊಡೆದು ಕೆಡವಿದರು. ಅದರಲ್ಲಿದ್ದವರಲ್ಲಿ ಒಬ್ಬರೂ ಬದುಕಲಿಲ್ಲ. ಆಮೇಲೆ ಡಚ್ ಹಾರ್ಬರ್ ಮೇಲೆ ತಗ್ಗಿನಲ್ಲಿ ಹಾರುತ್ತಾ ಗುಂಡು ಹಾರಿಸುವಾಗ ಕೆಳಗಿನಿಂದ ಬಂದ ಸಣ್ಣ ಗುಂಡು ಕೊಗಾ ವಿಮಾನದ ಆಯಿಲ್ ಪೈಪಿಗೆ ಬಿತ್ತು. ವಿಮಾನದ ಹಿಂದೆ ಆಯಿಲ್ ಗೆರೆ ಎಳೆದಂತೆ ಸುರಿಯತೊಡಗಿತು. ಆಯಿಲ್ ಇಲ್ಲದ ಎಂಜಿನ್ ಜಾಮ್ ಆಗುವುದಕ್ಕೆ ಎಷ್ಟು ಹೊತ್ತು, ಅಲ್ವಾ? ಹಡಗಿಗೆ ವಾಪಸ್ ಹೋಗುವಷ್ಟು ಆಯುಷ್ಯ ಅದಕ್ಕಿರಲಿಲ್ಲ.

ಇಂಥ ಹೊತ್ತಿಗೆಂದೇ ಜಪಾನಿಯರು ಮೊದಲೇ ಒಂದು ಜಾಗ ಗೊತ್ತು ಮಾಡಿದ್ದರು. ಅದು ಡಚ್ ಹಾರ್ಬರ್‌ಗೆ ಪೂರ್ವಕ್ಕೆ ಸುಮಾರು 40 ಕಿ.ಮೀ. ದೂರದ ಅಕುಟಾನ್. ಅಲ್ಲಿ ಇಳಿದ ಪೈಲಟ್‌ಗಳನ್ನು ಕರೆದೊಯ್ಯಲು ಸಬ್‌ಮರೀನ್ ಕಾಯುತ್ತಿತ್ತು. ಕಡಲಿನಿಂದ ಸ್ವಲ್ಪ ಒಳಗೆ ಸಮತಟ್ಟಾದ ಹಸಿರು ಬಯಲು ಕಂಡಿತು. ಮೇಲಿನಿಂದ ನೋಡಿದರೆ ಒಳ್ಳೇ ಹುಲ್ಲುಗಾವಲು. ಕೊಗಾ ಚಕ್ರ ಇಳಿಸಿ ಕೆಳಗೆ ಬಂದರು.

ಹುಲ್ಲಿನ ಕೆಳಗಿದ್ದದ್ದು ನೀರು, ಕೆಸರು. ಚಕ್ರ ಹೂತುಕೊಂಡಿತು, ಅದರ ಕಾಲುಗಳು ಮುರಿದವು, ವಿಮಾನ ಮೂತಿ ಮುಂದಾಗಿ ಪಲ್ಟಿ ಹೊಡೆದು ಮಗುಚಿ ಬಿತ್ತು. ನಮ್ಮ ಕಡೆ ಗದ್ದೆ ಬದಿಯಲ್ಲಿ ಬೆಳೆದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಮೇಲೆ ಹಸಿರಾಗಿ ಗಟ್ಟಿ ಕಾಣುವ ಕಡೆಯೇ ಮೊಣಕಾಲವರೆಗೆ ಹೂತು ಹೋಗುವುದು. ಚಕ್ರ ಒಳಗೇ ಇಟ್ಟು ಹೊಟ್ಟೆ ಊರಿ ಜಾರಿಸಿದ್ದರೆ ಬಹುಶಃ ಅವರು ಬದುಕುತ್ತಿದ್ದರು.

ಜೊತೆಗಿದ್ದ ಇಬ್ಬರು ಅದನ್ನು ಸುಟ್ಟು ಹಾಕಲಿಲ್ಲ ಯಾಕೆ? ಆದೇಶ ಇತ್ತಲ್ಲ?

ಇತ್ತು. ಶತ್ರುವಿನ ನೆಲದಲ್ಲಿ ಬಿದ್ದ ಝೀರೋವನ್ನು ನಾಶ ಮಾಡಲೇಬೇಕು ಅಂತ. ಎಂದೋ ಮತ್ತು ಶಿಕಾದಾ ಮೇಲೆ ಸುತ್ತು ಹಾಕಿ ನೋಡಿದರು. ವಿಮಾನ ಮಗುಚಿದೆ, ಆದರೆ ಹೆಚ್ಚು ಕೆಟ್ಟಿಲ್ಲ. ಒಳಗೆ ಗೆಳೆಯ ಬದುಕಿದ್ದಾನೋ ಇಲ್ಲವೋ ಗೊತ್ತಿಲ್ಲ. ಬದುಕಿದ್ದರೆ? ಅವರಿಗೆ ಗುಂಡಿಯೊತ್ತಲು ಕೈ ಬರಲಿಲ್ಲ. ಸಬ್‌ಮರೀನ್ ಬಂದು ಕಾಪಾಡೀತು ಎಂಬ ನಂಬಿಕೆಯಲ್ಲಿ ಹಡಗಿಗೆ ಮರಳಿದರು.

ಸಬ್‌ಮರೀನ್‌ಗೆ ಕೊಗಾ ಸಿಗಲಿಲ್ಲ. ಅವರು ಬಿದ್ದ ಏಟಿಗೇ ತೀರಿಕೊಂಡಿದ್ದರು.

ಇದನ್ನು ಅವರ ತಪ್ಪು ಅಂತ ಬರೆದವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಆ ಸುತ್ತಿನಲ್ಲಿ ನಾವಿದ್ದಿದ್ದರೆ ನಾವೂ ಅದನ್ನೇ ಮಾಡುತ್ತಿದ್ದೆವು.

ಬಿದ್ದ ವಿಮಾನ ಎಷ್ಟು ದಿನ ಹಾಗೇ ಇತ್ತು?

ಒಂದು ತಿಂಗಳ ಮೇಲೆ. ಆ ಜಾಗ ಹಡಗುಗಳಿಗೆ ಕಾಣುತ್ತಿರಲಿಲ್ಲ, ವಿಮಾನಗಳು ದಿನಾ ಓಡಾಡುವ ದಾರಿಯಲ್ಲೂ ಇರಲಿಲ್ಲ. ಜುಲೈ 10ರಂದು ಲೆಫ್ಟಿನೆಂಟ್ ವಿಲಿಯಂ ಥೀಸ್ ಹಾರಿಸುತ್ತಿದ್ದ ಕ್ಯಾಟಲಿನಾ ಮೋಡದಲ್ಲಿ ದಾರಿ ತಪ್ಪಿತು. ಕೊನೆಗೆ ಗುರುತಿನ ದ್ವೀಪಗಳು ಕಂಡು, ಡಚ್ ಹಾರ್ಬರ್ ಕಡೆ ನೇರ ದಾರಿ ಹಿಡಿದಾಗ ಅಕುಟಾನ್ ಮೇಲೆ ಹಾಯಬೇಕಾಯಿತು. ತಂಡದ ಮೆಕ್ಯಾನಿಕ್ ಆಲ್ಬರ್ಟ್ ನ್ಯಾಕ್ ಕಣ್ಣಿಗೆ ಕೆಳಗೆ ಏನೋ ಬಿತ್ತು. ಮಾರನೇ ದಿನವೇ ಅವರು ನಡೆದುಕೊಂಡು ಅಲ್ಲಿಗೆ ಹೋದರು.

ಕೊಗಾ ದೇಹ ಏನಾಯಿತು?

ತಲೆಕೆಳಗಾಗಿ, ಬೆಲ್ಟಿನಲ್ಲಿ ನೇತಾಡುವ ಸ್ಥಿತಿಯಲ್ಲೇ ಸಿಕ್ಕಿತು. ಅಮೆರಿಕದ ಸೈನಿಕರು ಅಲ್ಲೇ ಹತ್ತಿರದಲ್ಲಿ ಹೂತರು. 1947ರಲ್ಲಿ ಅವಶೇಷಗಳನ್ನು ತೆಗೆದು ಅಡಾಕ್ ದ್ವೀಪದ ಸ್ಮಶಾನಕ್ಕೆ ಸಾಗಿಸಿದರು. ಅಷ್ಟು ಹೊತ್ತಿಗೆ ಯಾರದೆಂಬ ಗುರುತು ಕಳೆದುಹೋಗಿತ್ತು. 1953ರಲ್ಲಿ ಅಡಾಕ್‌ನಲ್ಲಿದ್ದ ಜಪಾನಿಯರ ಅವಶೇಷಗಳು ಜಪಾನಿಗೆ ಮರಳಿದವು. ವಿಮಾನದ ಒಂದೊಂದು ಭಾಗಕ್ಕೂ ದಾಖಲೆ ಇದೆ, ಅದನ್ನು ಹಾರಿಸಿದ ಹುಡುಗ ಹೆಸರಿಲ್ಲದೆ ಊರಿಗೆ ಮರಳಿದ. ಈ ಕಥೆ ಹೇಳುವಾಗ ನನಗೆ ಇಲ್ಲಿ ಮಾತು ನಿಲ್ಲುತ್ತದೆ.

ಕೆಸರಿನಲ್ಲಿ ಬಿದ್ದದ್ದನ್ನು ಮತ್ತೆ ಹಾರಿಸುವಂತೆ ಮಾಡಿದ್ದು ಹೇಗೆ?

ಸಾಗಿಸುವುದೇ ದೊಡ್ಡ ಕೆಲಸವಾಯಿತು. ಎರಡನೇ ತಂಡ ಹೋಗಿ ನೋಡಿಕೊಂಡು ಬಂತು, ಮೂರನೇ ತಂಡ ಬುಲ್‌ಡೋಜರ್ ಸಮೇತ ಹೋಗಿ ಎಳೆದು ತಂತು. ಹಡಗಿನಲ್ಲಿ ಆಗಸ್ಟ್ 1ಕ್ಕೆ ಸಿಯಾಟಲ್, ಅಲ್ಲಿಂದ ಸ್ಯಾನ್ ಡಿಯಾಗೋ ಬಳಿಯ ನಾರ್ತ್ ಐಲ್ಯಾಂಡ್ ನೌಕಾ ವಾಯುನೆಲೆ. ಹ್ಯಾಂಗರ್ ಒಳಗೆ 12 ಅಡಿ ಎತ್ತರದ ಬೇಲಿ ಕಟ್ಟಿ, ಹಗಲು ರಾತ್ರಿ ಕಾವಲು ಹಾಕಿ ರಿಪೇರಿ ಶುರು ಮಾಡಿದರು.

ಅದೃಷ್ಟ ಅಂದರೆ, ಕೆಸರು ಮೆತ್ತಗಿದ್ದದ್ದು. ಮಗುಚಿದಾಗ ನಜ್ಜಾದದ್ದು ಬಾಲ, ರೆಕ್ಕೆಯ ತುದಿಗಳು, ಫ್ಲ್ಯಾಪ್, ಪೈಲಟ್ ಮೇಲಿನ ಗಾಜಿನ ಮುಚ್ಚಿಗೆ. ಎಲ್ಲವನ್ನೂ ನೇರ ಮಾಡಿದರು. ಮುರಿದ ಚಕ್ರದ ಕಾಲುಗಳಿಗೇ ಜಾಸ್ತಿ ಕೆಲಸ ಹಿಡಿಯಿತು. ಮೂರು ರೆಕ್ಕೆಯ ಪ್ರೊಪೆಲ್ಲರ್ ತಿದ್ದಿ ಅದನ್ನೇ ಹಾಕಿದರು. ಕೆಂಪು ಸೂರ್ಯನ ಮೇಲೆ ಅಮೆರಿಕದ ಬಿಳಿ ನಕ್ಷತ್ರ ಬಂತು. 1942ರ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಅದು ಮತ್ತೆ ಆಕಾಶದಲ್ಲಿತ್ತು.

ಹಾರಿಸಿ ನೋಡಿದಾಗ ಏನು ಗೊತ್ತಾಯಿತು?

ಇಡೀ ಕಥೆಯ ತಿರುಳು ಇಲ್ಲಿದೆ. ಲೆಫ್ಟಿನೆಂಟ್ ಕಮಾಂಡರ್ ಎಡ್ಡಿ ಸ್ಯಾಂಡರ್ಸ್ ಅಕ್ಟೋಬರ್ 15ರ ಒಳಗೆ 24 ಬಾರಿ ಹಾರಿಸಿದರು. ಅಲ್ಲಿಯವರೆಗೆ ಝೀರೋ ಬಗ್ಗೆ ಅಮೆರಿಕದವರಿಗೆ ಗೊತ್ತಿದ್ದದ್ದು ಅದರ ಎದುರು ನಿಂತು ಬದುಕಿ ಬಂದವರ ಮಾತು. ಗಾಬರಿಯಲ್ಲಿ ಕಂಡದ್ದಕ್ಕೆ ಅಳತೆ ಇರುವುದಿಲ್ಲ. ಈಗ ಅಳತೆ ಸಿಕ್ಕಿತು. ಮೊದಲ ಹಾರಾಟದಲ್ಲೇ ಮೂರು ದೌರ್ಬಲ್ಯ ಬಯಲಾದವು.

ಒಂದು, ವೇಗ ಸುಮಾರು 200 ನಾಟ್, ಅಂದರೆ ಗಂಟೆಗೆ 370 ಕಿ.ಮೀ. ದಾಟಿದರೆ ಐಲರಾನ್‌ಗಳು ಗಟ್ಟಿಯಾಗಿ ಬಿಡುತ್ತಿದ್ದವು. ಐಲರಾನ್ ಅಂದರೆ ರೆಕ್ಕೆಯ ಹಿಂಬದಿಯಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿ. ವಿಮಾನ ಪಕ್ಕಕ್ಕೆ ಉರುಳುವುದು ಅದರಿಂದ. ಓಡುವ ಬಸ್ಸಿನ ಕಿಟಕಿಯಿಂದ ರಟ್ಟಿನ ತುಂಡು ಹೊರಗೆ ಹಿಡಿದು ಅಡ್ಡ ತಿರುಗಿಸಿ ನೋಡಿ. ವೇಗ ಏರಿದಷ್ಟೂ ಕೈಗೆ ಬಲ ಜಾಸ್ತಿ ಬೇಕು. ಝೀರೋದ ಐಲರಾನ್ ದೊಡ್ಡದು. ನಿಧಾನದಲ್ಲಿ ಅದೇ ವರ, ವೇಗದಲ್ಲಿ ಅದೇ ಶಾಪ. ಪೈಲಟ್ ಎರಡೂ ಕೈಯಿಂದ ಸ್ಟಿಕ್ ಒತ್ತಿದರೂ ವಿಮಾನ ಸುಮ್ನೆ ಸೋಮಾರಿಯ ಹಾಗೆ ಉರುಳುತ್ತಿತ್ತು.

ಎರಡು, ಎಡಕ್ಕೆ ಉರುಳಿದಷ್ಟು ಸಲೀಸಾಗಿ ಬಲಕ್ಕೆ ಉರುಳುತ್ತಿರಲಿಲ್ಲ.

ಮೂರು, ಮೂತಿಯನ್ನು ಥಟ್ಟನೆ ಕೆಳಗೆ ತಳ್ಳಿದರೆ ಎಂಜಿನ್ ಉಸಿರು ಕಟ್ಟುತ್ತಿತ್ತು.

ಇವನ್ನು ಜೋಡಿಸಿದರೆ ತಪ್ಪಿಸಿಕೊಳ್ಳುವ ದಾರಿ ತಾನಾಗಿ ಸಿಗುತ್ತದೆ. ಝೀರೋ ಹಿಂದೆ ಬಿತ್ತಾ? ಅದರ ಜೊತೆ ತಿರುಗಬೇಡ. ಮೂತಿ ತಗ್ಗಿಸಿ ಪೂರ್ತಿ ವೇಗದಲ್ಲಿ ಕೆಳಗೆ ಧುಮುಕು. ವೇಗ ಹತ್ತಿದ ಮೇಲೆ ಬಲಕ್ಕೆ ಉರುಳಿ ತಿರುಗು. ಅದು ಹಿಂಬಾಲಿಸಲಾರದು.

ಎಂಜಿನ್ ನಿಲ್ಲುವುದು ಯಾಕೆ ಅಂತ ಇನ್ನೂ ಸರಳವಾಗಿ ಹೇಳಿ.

ಹಳೆಯ ಬೈಕಿನ ಕಾರ್ಬುರೇಟರ್ ಬಿಚ್ಚಿ ನೋಡಿದ್ದೀರಾ? ಕೆಳಗೆ ಒಂದು ಬಟ್ಟಲು, ಅದರಲ್ಲಿ ತೇಲುವ ಫ್ಲೋಟ್. ಪೆಟ್ರೋಲು ಬಟ್ಟಲಲ್ಲಿ ತಳಕ್ಕೆ ನಿಂತಿರುತ್ತದೆ. ತಳದ ಜೆಟ್‌ನಿಂದ ಎಂಜಿನ್ ಅದನ್ನು ಹೀರಿಕೊಳ್ಳುತ್ತದೆ. ನಾನು ನಮ್ಮ ಮನೆಯ ಬೈಕಿನದ್ದನ್ನು ಹಾಳೆ ಹಾಸಿ ಬಿಚ್ಚಿ ತೊಳೆದಾಗ ಆ ಬಟ್ಟಲು ಎಷ್ಟು ಚಿಕ್ಕದು ಅಂತ ಗಮನಿಸಿದ್ದೆ. ಅಂಗೈಯಲ್ಲಿ ಕೂರುವಷ್ಟು.

ಈಗ ಬಸ್ಸು ಹಂಪ್ ಮೇಲೆ ಜೋರಾಗಿ ಹೋದಾಗ ಹಿಂದಿನ ಸೀಟಿನವರು ಮೇಲಕ್ಕೆ ಹಾರುತ್ತಾರಲ್ಲ, ಅದನ್ನು ನೆನೆಸಿಕೊಳ್ಳಿ. ವಿಮಾನದ ಮೂತಿ ಥಟ್ಟನೆ ಕೆಳಗೆ ಹೋದಾಗ ಬಟ್ಟಲಿನ ಪೆಟ್ರೋಲೂ ಹಾಗೇ ಮೇಲಕ್ಕೆ ಹಾರುತ್ತದೆ. ತಳದ ಜೆಟ್‌ಗೆ ಗಾಳಿ ಬಿಟ್ಟು ಏನೂ ಸಿಗದು. ಎಂಜಿನ್ ಒಂದೆರಡು ಕ್ಷಣ ಸತ್ತ ಹಾಗೆ. ಆಕಾಶದ ಜಗಳದಲ್ಲಿ ಅಷ್ಟು ಹೊತ್ತು ಬೇಕಾದಷ್ಟಾಯಿತು.

ಇದು ಜಪಾನಿಗೆ ಮಾತ್ರ ಇದ್ದ ತೊಂದರೆ ಅಲ್ಲ. ಬ್ರಿಟಿಷರ ಸ್ಪಿಟ್‌ಫೈರ್, ಹರಿಕೇನ್‌ಗಳ ಮರ್ಲಿನ್ ಎಂಜಿನ್‌ಗೂ ಇದೇ ಕಾಯಿಲೆ. 1941ರಲ್ಲಿ ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಮಹಿಳಾ ಎಂಜಿನಿಯರ್ ಸಣ್ಣದೊಂದು ತೂತಿನ ಬಿಲ್ಲೆ ಮಾಡಿ ಹಾಕಿ, ಅದನ್ನು ಬಹುಪಾಲು ಸರಿಪಡಿಸಿದ್ದರು.

ಬೇರೆ ವಿಮಾನಗಳ ಜೊತೆ ಸ್ಪರ್ಧೆಗೂ ಬಿಟ್ಟರಂತೆ, ನಿಜವೇ?

ನಿಜ. ವೈಲ್ಡ್‌ಕ್ಯಾಟ್, ಕೋರ್ಸೇರ್, ಪಿ-38, ಪಿ-39, ಪಿ-40, ಪಿ-51, ಅಮೆರಿಕದ ಈ ಯುದ್ಧವಿಮಾನಗಳನ್ನೆಲ್ಲ ಎದುರಿಗೆ ನಿಲ್ಲಿಸಿದರು. ತಿರುವಿನಲ್ಲಿ ಝೀರೋವನ್ನು ಮೀರಿಸಿದ್ದು ಯಾವುದೂ ಇಲ್ಲ. ಆದರೆ ಕೋರ್ಸೇರ್ ವೇಗದಲ್ಲಿ, ಧುಮುಕುವುದರಲ್ಲಿ ಎಲ್ಲ ಎತ್ತರದಲ್ಲೂ ಬಹಳ ಮುಂದಿತ್ತು. ಮಧ್ಯದ ಎತ್ತರಗಳಲ್ಲಿ ಮೇಲೇರುವಾಗ ಮಾತ್ರ ಝೀರೋ ಕೊಂಚ ಮೇಲು. ವೈಲ್ಡ್‌ಕ್ಯಾಟ್ ಪಾಪ, ಬಹುಪಾಲು ಎಲ್ಲದರಲ್ಲೂ ಹಿಂದೆ. ಮುಚ್ಚಿಡದೆ ಹಾಗೇ ಬರೆದದ್ದರಿಂದಲೇ ಈ ಪರೀಕ್ಷೆಗಳ ವರದಿಗೆ ಬೆಲೆ.

ಯುದ್ಧದಲ್ಲಿದ್ದ ಪೈಲಟ್‌ಗಳಿಗೆ ಇದು ಉಪಯೋಗಕ್ಕೆ ಬಂತೇ?

ಬಂತು. ಕೋರ್ಸೇರ್ ಹಾರಿಸಿ 21 ವಿಮಾನ ಕೆಡವಿದ ಕೆನೆತ್ ವಾಲ್ಶ್ ತಾವು ಹೀಗೇ ಬದುಕಿಕೊಂಡದ್ದನ್ನು ಹೇಳಿದ್ದಾರೆ. ಬೆನ್ನ ಹಿಂದೆ ಝೀರೋ ಬಿದ್ದಾಗ ಮೂತಿ ಕೆಳಗೆ ಮಾಡಿ ಧುಮುಕಿದರು, 240 ನಾಟ್‌ಗೂ ಜಾಸ್ತಿ ವೇಗ ಬರುವವರೆಗೆ ಕಾದರು, ಆಮೇಲೆ ಬಲಕ್ಕೆ ಜೋರಾಗಿ ಉರುಳಿದರು. ಝೀರೋ ಹಾರಿಸಿದ ಗುಂಡುಗಳು ಹೊಟ್ಟೆಯ ಕೆಳಗಿಂದ ಹಾದು ಹೋದವು.

ಅಮೆರಿಕದ ನೌಕಾಪಡೆಯ ಹೆಲ್‌ಕ್ಯಾಟ್ ಯುದ್ಧವಿಮಾನವನ್ನು ಈ ಝೀರೋ ನೋಡಿಯೇ ಮಾಡಿದ್ದು ಅಂತಾರಲ್ಲ?

ಅಲ್ಲ. ಅತಿ ಹೆಚ್ಚು ಹರಡಿದ ತಪ್ಪು ಇದೇ. ತಾರೀಕು ನೋಡಿದರೆ ಸಾಕು. ಹೆಲ್‌ಕ್ಯಾಟ್‌ನ ಮೊದಲ ಮಾದರಿ ಹಾರಿದ್ದು 1942ರ ಜೂನ್ 26ರಂದು. ಆಗ ಝೀರೋ ಇನ್ನೂ ಅಕುಟಾನ್ ಕೆಸರಿನಲ್ಲಿ ಯಾರಿಗೂ ಕಾಣದೆ ಬಿದ್ದಿತ್ತು. 2,000 ಅಶ್ವಶಕ್ತಿಯ ದೊಡ್ಡ ಎಂಜಿನ್ ಇಟ್ಟ ಮಾದರಿ ಹಾರಿದ್ದು ಜುಲೈ 30ರಂದು. ಝೀರೋ ಸಿಯಾಟಲ್ ತಲುಪಿದ್ದು ಅದಾದ ಎರಡು ದಿನಕ್ಕೆ.

ಇನ್ನೊಂದು ಇದೆ. ಝೀರೋವನ್ನು ಎದುರಿಸುವ "ಥ್ಯಾಚ್ ವೀವ್" ತಂತ್ರವೂ ಇದರಿಂದ ಬಂದದ್ದಲ್ಲ. ಜಾನ್ ಥ್ಯಾಚ್ ಎಂಬ ಅಧಿಕಾರಿ ಮನೆಯ ಅಡುಗೆಮನೆಯ ಮೇಜಿನ ಮೇಲೆ ಬೆಂಕಿಕಡ್ಡಿಗಳನ್ನು ಜೋಡಿಸಿ, ಸರಿಸಿ ಅದನ್ನು ಹೊಳೆಯಿಸಿಕೊಂಡರು. ಇಬ್ಬರು ಪೈಲಟ್‌ಗಳು ಜಡೆ ಹೆಣೆದ ಹಾಗೆ ಎದುರುಬದುರು ಹಾಯುತ್ತಾರೆ. ಒಬ್ಬರ ಬೆನ್ನು ಹತ್ತಿದ ಝೀರೋ ಇನ್ನೊಬ್ಬರ ಗುಂಡಿಗೆ ಎದುರಾಗುತ್ತದೆ. ಮಿಡ್‌ವೇಯಲ್ಲಿ ಅವರು ಅದನ್ನು ಬಳಸಿದ್ದು ಜೂನ್ 4ರಂದೇ. ಕೊಗಾ ಬಿದ್ದ ಅದೇ ದಿನ.

ಹಾಗಾದರೆ ಇದು ಯುದ್ಧದ ಗತಿ ಬದಲಿಸಿತು ಅನ್ನೋದು ಸುಳ್ಳೇ?

ಆ ದಿನ ರ್ಯೂಜೋ ಪಡೆಯಲ್ಲೇ ಇದ್ದ ಜಪಾನಿನ ಒಬ್ಬ ಅಧಿಕಾರಿ, ಈ ವಿಮಾನ ಶತ್ರುವಿನ ಕೈಗೆ ಸಿಕ್ಕಿದ್ದು ಮಿಡ್‌ವೇ ಸೋಲಿಗೆ ಕಡಿಮೆಯಿಲ್ಲದ ಪೆಟ್ಟು ಎಂದು ಮುಂದೆ ಹೇಳಿದರು. ಇತಿಹಾಸಕಾರರಲ್ಲಿ ಹಲವರು ಇದನ್ನು ಒಪ್ಪುವುದಿಲ್ಲ. ನಾನೂ ಒಪ್ಪುವುದಿಲ್ಲ. 1942ರಲ್ಲಿ ವೈಲ್ಡ್‌ಕ್ಯಾಟ್ ಪೈಲಟ್‌ಗಳು ಈ ವರದಿ ಬರುವ ಮುಂಚೆಯೇ ಝೀರೋ ಜೊತೆ ಸಮ ಸಮ ಹೋರಾಡುವುದನ್ನು ಕಲಿತಿದ್ದರು. ಜಪಾನ್ ತನ್ನ ನುರಿತ ಪೈಲಟ್‌ಗಳನ್ನು ಕಳೆದುಕೊಳ್ಳುತ್ತಾ ಹೋಯಿತು, ಅಮೆರಿಕದ ಕಾರ್ಖಾನೆಗಳು ಬಿಡುವಿಲ್ಲದೆ ವಿಮಾನ ಹೊರಹಾಕಿದವು. ತಕ್ಕಡಿ ವಾಲಿದ್ದು ಆ ಕಡೆಯಿಂದ. ಆದರೆ ಮೊದಲ ಬಾರಿಗೆ ಯುದ್ಧಕ್ಕೆ ಹೊರಟ ಇಪ್ಪತ್ತರ ಹುಡುಗನಿಗೆ "ಇಷ್ಟು ವೇಗ ದಾಟಿಸು, ಬಲಕ್ಕೆ ತಿರುಗು" ಅಂತ ಖಚಿತವಾಗಿ ಹೇಳಲು ಸಾಧ್ಯವಾಯಿತಲ್ಲ, ಅದು ಸಣ್ಣದಲ್ಲ.

ಇಂಥ ಘಟನೆ ಬೇರೆ ಕಡೆ ನಡೆದಿದೆಯೇ?

ಅದೇ ತಿಂಗಳು, ಯೂರೋಪಿನಲ್ಲಿ! 1942ರ ಜೂನ್ 23ರಂದು ಜರ್ಮನಿಯ ಆರ್ಮಿನ್ ಫೇಬರ್ ಕಾಳಗದ ಗದ್ದಲದಲ್ಲಿ ದಿಕ್ಕು ತಪ್ಪಿ, ಬ್ರಿಸ್ಟಲ್ ಕಾಲುವೆಯನ್ನೇ ಇಂಗ್ಲಿಷ್ ಕಾಲುವೆ ಅಂದುಕೊಂಡರು. ತಮ್ಮ ಫ್ರಾನ್ಸ್ ನೆಲೆ ಸಿಕ್ಕಿತು ಎಂದು ವೇಲ್ಸ್‌ನ ಪೆಂಬ್ರಿಯಲ್ಲಿ ಹೊಚ್ಚ ಹೊಸ ಫೋಕೆ-ವುಲ್ಫ್ 190 ಇಳಿಸಿದರು. ಅಲ್ಲಿದ್ದ ಬ್ರಿಟಿಷ್ ಸಿಬ್ಬಂದಿಯೊಬ್ಬರ ಕೈಗೆ ಆಗ ಸಿಕ್ಕಿದ್ದು ಸಂಕೇತದ ಬೆಳಕು ಹಾರಿಸುವ ಪಿಸ್ತೂಲು. ಅದನ್ನೇ ತೋರಿಸಿ ಫೇಬರ್‌ರನ್ನು ಸೆರೆ ಹಿಡಿದರು. ಸ್ಪಿಟ್‌ಫೈರ್ ಮಾರ್ಕ್ 5ಕ್ಕೆ ಈ ವಿಮಾನ ಎಷ್ಟು ತಲೆನೋವಾಗಿತ್ತೋ, ಅದರ ಅಳತೆ ಬ್ರಿಟಿಷರಿಗೆ ಹೀಗೆ ಸಿಕ್ಕಿತು. ಅಲ್ಲಿ ಪಲ್ಟಿ ಇಲ್ಲ, ಸಾವಿಲ್ಲ. ಚೂರೂ ಕೆಡದ ವಿಮಾನ.

ಭಾರತಕ್ಕೂ ಈ ಕಥೆಗೂ ನಂಟಿದೆಯೇ?

ಇದೆ, ಮತ್ತು ಬಹಳ ಜನಕ್ಕೆ ಗೊತ್ತಿಲ್ಲ. ಕೊಗಾ ಹಾರಿದ ಅದೇ ರ್ಯೂಜೋ ಹಡಗು ಎರಡು ತಿಂಗಳ ಹಿಂದೆ ಬಂಗಾಳ ಕೊಲ್ಲಿಯಲ್ಲಿತ್ತು. 1942ರ ಏಪ್ರಿಲ್ 6ರಂದು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಬಿದ್ದದ್ದು ಅದರ ವಿಮಾನಗಳಿಂದ. ಆ ದಿನಗಳಲ್ಲಿ ಮದ್ರಾಸಿನಿಂದ ಜನ ಊರು ಬಿಟ್ಟು ಹೊರಟಿದ್ದರು.

ನಮ್ಮ ಬೆಂಗಳೂರಿನ ಎಳೆಯೂ ಇದೆ. ಝೀರೋವನ್ನು ಕಂಡು ಹಿಡಿದ ಕ್ಯಾಟಲಿನಾ ನೀರಿನ ಮೇಲೆ ಇಳಿಯುವ ವಿಮಾನ. ಯುದ್ಧಕಾಲದಲ್ಲಿ ಆ ಜಾತಿಯ ವಿಮಾನಗಳು ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನಲ್ಲಿ ರಿಪೇರಿಗೆ ಬರುತ್ತಿದ್ದವು. ಇಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಯಲ್ಲಿ. ಇವತ್ತು ನೊರೆಯ ಸುದ್ದಿಗೆ ಹೆಸರಾದ ಅದೇ ಕೆರೆ.

ಆಮೇಲೆ 1965. ಆಗ ನ್ಯಾಟ್ ಎಂಬ ಪುಟ್ಟ ಯುದ್ಧವಿಮಾನಗಳು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗುತ್ತಿದ್ದವು. ಸೆಪ್ಟೆಂಬರ್‌ನ ಯುದ್ಧದಲ್ಲಿ ನಮ್ಮ ವಾಯುಪಡೆಯ ಒಂದು ನ್ಯಾಟ್ ಪಾಕಿಸ್ತಾನದ ಪಸ್ರೂರಿನಲ್ಲಿ ಇಳಿಯಿತು. ಪೈಲಟ್ ಸೆರೆಯಾಗಿ, ಯುದ್ಧ ಮುಗಿದ ಮೇಲೆ ಮರಳಿದರು. ವಿಮಾನ ಮರಳಲಿಲ್ಲ. ಅದು ಕರಾಚಿಯ ವಾಯುಪಡೆ ಮ್ಯೂಸಿಯಂನಲ್ಲಿದೆ.

ಅಕುಟಾನ್ ಝೀರೋವನ್ನು ಈಗ ನೋಡಬಹುದೇ?

ಇಡಿಯಾಗಿ ಇಲ್ಲ. 1945ರ ಫೆಬ್ರವರಿಯಲ್ಲಿ ಸ್ಯಾನ್ ಡಿಯಾಗೋದಲ್ಲಿ ಕಮಾಂಡರ್ ರಿಚರ್ಡ್ ಕ್ರಾಮೆಲಿನ್ ಅದನ್ನು ನೆಲದ ಮೇಲೆ ಓಡಿಸುತ್ತಾ ಹಾರಾಟಕ್ಕೆ ಹೊರಟಿದ್ದರು. ಹಿಂದಿನಿಂದ ಬಂದ ಹೆಲ್‌ಡೈವರ್ ಬಾಂಬರ್ ಹತ್ತಿಕೊಂಡು ಬಂತು. ಅದರ ಪ್ರೊಪೆಲ್ಲರ್ ಝೀರೋವನ್ನು ಬಾಲದಿಂದ ಕಾಕ್‌ಪಿಟ್‌ವರೆಗೆ ಚೂರು ಚೂರು ಕತ್ತರಿಸಿತು. ಕ್ರಾಮೆಲಿನ್ ಬದುಕಿದರು.

ಹಾರುವ ಝೀರೋ ನೋಡಬೇಕೆಂದರೆ ಕ್ಯಾಲಿಫೋರ್ನಿಯಾದ ಚೀನೋದಲ್ಲಿ ಒಂದಿದೆ. 1944ರಲ್ಲಿ ಸೈಪಾನ್‌ನಲ್ಲಿ ಸಿಕ್ಕಿದ್ದು, ಇನ್ನೂ ಮೂಲ ಸಕಾಯೆ ಎಂಜಿನ್ ಇದೆ. ಅಕುಟಾನ್ ವಿಮಾನದ್ದಾದರೆ, ಆ ಚೂರುಗಳ ನಡುವಿನಿಂದ ಒಬ್ಬ ಅಧಿಕಾರಿ ಆರಿಸಿಟ್ಟ ಕೆಲವು ಮೀಟರ್‌ಗಳು ಉಳಿದಿವೆ. ಅವು ವಾಷಿಂಗ್ಟನ್‌ನ ನೌಕಾಪಡೆ ಮ್ಯೂಸಿಯಂ ಸೇರಿದವು. ಕೊಗಾ ಕೊನೆಯ ದಿನ ನೋಡುತ್ತಾ ಹಾರಿದ ಮೀಟರ್‌ಗಳು.